ಕಾರಣ ಕಳೆದುಕೊಂಡ ಚಿತ್ರ: ‘ಪ್ರೊಮಿಥಿಯಸ್’ ಒಂದು ಪ್ರಕರಣ ಅಧ್ಯಯನ

2012ರಲ್ಲಿ ತೆರೆಕಂಡ ರಿಡ್ಲಿ ಸ್ಕಾಟ್ ನಿರ್ದೇಶನದ ‘ಪ್ರೊಮಿಥಿಯಸ್’ ಬಗ್ಗೆ ಇಂದಿಗೂ ಎರಡು ಮಾತು ಜೊತೆಯಾಗಿಯೇ ಕೇಳಿಬರುತ್ತವೆ. ದೃಶ್ಯಗಳು ಬೆರಗು ಹುಟ್ಟಿಸುತ್ತವೆ, ಮೈಕಲ್ ಫಾಸ್‌ಬೆಂಡರ್ ಅಭಿನಯವನ್ನು ಮರೆಯಲಾಗದು ಎಂಬುದು ಒಂದು. ಕಥೆಯೇ ಇಲ್ಲ ಎಂಬುದು ಇನ್ನೊಂದು. ಎಷ್ಟೋ ಸಲ ಎರಡನ್ನೂ ಹೇಳುವವರು ಒಬ್ಬರೇ ಆಗಿರುತ್ತಾರೆ. ಮೊದಲ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಎರಡನೆಯದು ಸಡಿಲವಾದ ಮಾತು. ಈ ಚಿತ್ರದಲ್ಲಿ ಕಥೆಗೆ ಬರವಿಲ್ಲ; ಮನುಷ್ಯನನ್ನು ಸೃಷ್ಟಿಸಿದವರು ಯಾರು, ಅವರೇ ನಮ್ಮನ್ನು ಯಾಕೆ ಅಳಿಸಲು ಹೊರಟರು ಎಂಬಷ್ಟು ದೊಡ್ಡ ಕಥೆ ಇದೆ. ಒಂದು ದೃಶ್ಯದಲ್ಲಿ ಆದದ್ದರ ಫಲವಾಗಿ ಮುಂದಿನ ದೃಶ್ಯ ಹುಟ್ಟಬೇಕಲ್ಲವೇ, ಆ ಕೊಂಡಿ ಇಲ್ಲಿ ಮತ್ತೆ ಮತ್ತೆ ಕಳಚಿಕೊಂಡಿದೆ. ಅದು ಎಲ್ಲಿ ಕಳಚಿತು, ಯಾರ ಕೈಯಲ್ಲಿ ಕಳಚಿತು ಎಂದು ಗುರುತಿಸಲು ಸಾಧ್ಯವಿರುವುದರಿಂದಲೇ ಈ ಚಿತ್ರ ಅಧ್ಯಯನಕ್ಕೆ ಯೋಗ್ಯವಾಗಿದೆ. ಚಿತ್ರವನ್ನು ಇನ್ನೂ ನೋಡದವರಿಗೆ ಒಂದು ಎಚ್ಚರಿಕೆ: ಮುಂದೆ ಕಥೆಯ ಎಲ್ಲ ತಿರುವುಗಳೂ ಬರುತ್ತವೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2089ರಲ್ಲಿ ಎಲಿಜಬೆತ್ ಶಾ ಮತ್ತು ಚಾರ್ಲಿ ಹಾಲೊವೇ ಎಂಬ ಪುರಾತತ್ವಜ್ಞ ಜೋಡಿಗೆ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಗುಹೆಯೊಂದರಲ್ಲಿ ಒಂದು ಚಿತ್ರ ಸಿಗುತ್ತದೆ. ಪರಸ್ಪರ ಸಂಪರ್ಕವೇ ಇಲ್ಲದ ಹಲವು ಪ್ರಾಚೀನ ನಾಗರಿಕತೆಗಳ ಚಿತ್ರಗಳಲ್ಲಿರುವ ಅದೇ ನಕ್ಷತ್ರಗಳ ಗುಂಪು ಅಲ್ಲಿಯೂ ಇದೆ. ಅದನ್ನು ಆಹ್ವಾನವೆಂದು ಓದಿಕೊಂಡು, ವೇಲ್ಯಾಂಡ್ ಎಂಬ ಉದ್ಯಮಿಯ ಹಣದಲ್ಲಿ ಹದಿನೇಳು ಮಂದಿಯ ‘ಪ್ರೊಮಿಥಿಯಸ್’ ಎಂಬ ಬಾಹ್ಯಾಕಾಶ ಹಡಗು ಹೊರಡುತ್ತದೆ. 2093ರ ಕೊನೆಗೆ ದೂರದ ಉಪಗ್ರಹವೊಂದನ್ನು ತಲುಪುತ್ತದೆ. ಅಲ್ಲಿ ಸಿಗುವುದು ಸತ್ತ ದೈತ್ಯರು, ಸಾಲುಸಾಲು ಪಾತ್ರೆಗಳಲ್ಲಿ ತುಂಬಿಟ್ಟ ಕಪ್ಪು ದ್ರವ ಮತ್ತು ದೀರ್ಘನಿದ್ರೆಯಲ್ಲಿ ಉಳಿದಿರುವ ಒಬ್ಬನೇ ಒಬ್ಬ ‘ಎಂಜಿನಿಯರ್’, ಅಂದರೆ ಮನುಷ್ಯನನ್ನು ಸೃಷ್ಟಿಸಿದ ಆ ದೈತ್ಯಕುಲದವನು.

ಕಣ್ಣಿಗೆ ಕಾಣುವುದರಲ್ಲಿ ಕೊರತೆಯಿಲ್ಲ

ಸ್ಕಾಟ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತವರು, ಜಾಹೀರಾತು ಚಿತ್ರಗಳಲ್ಲಿ ಕೈ ಪಳಗಿಸಿಕೊಂಡವರು, ಚಿತ್ರೀಕರಣಕ್ಕೆ ಮುಂಚೆ ಶಾಟ್‌ಗಳ ಚಿತ್ರಗಳನ್ನು ತಾವೇ ಬರೆದಿಟ್ಟುಕೊಳ್ಳುವವರು. ಆ ಪಳಗಿದ ಕೈ ಈ ಚಿತ್ರದ ಪ್ರತಿ ಚೌಕಟ್ಟಿನಲ್ಲೂ ಕಾಣುತ್ತದೆ. ಛಾಯಾಗ್ರಾಹಕ ಡೇರಿಯುಸ್ ವೋಲ್ಸ್ಕಿ 3ಡಿಯಲ್ಲೇ ಚಿತ್ರೀಕರಿಸಿದರು. ಕಲಾ ನಿರ್ದೇಶಕ ಆರ್ಥರ್ ಮ್ಯಾಕ್ಸ್ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಭಾರೀ ಸೆಟ್‌ಗಳನ್ನು ನಿಜವಾಗಿಯೇ ಕಟ್ಟಿಸಿದರು. ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸದ ಕಾರಣ, ನಟರು ಸುರಂಗದ ಗೋಡೆ ಮುಟ್ಟಿದಾಗ ಅಲ್ಲಿ ಗೋಡೆ ಇದೆ ಎಂಬ ನಂಬಿಕೆ ನಮಗೂ ಬರುತ್ತದೆ. ಗ್ರಾಫಿಕ್ಸ್ ವಿಭಾಗ ಆಸ್ಕರ್ ನಾಮನಿರ್ದೇಶನ ಪಡೆಯಿತು, ಅದು ನ್ಯಾಯವಾಗಿಯೇ ಸಂದದ್ದು.

ಆರಂಭದ ದೃಶ್ಯವನ್ನೇ ನೋಡಿ. ಐಸ್‌ಲ್ಯಾಂಡಿನ ಡೆಟ್ಟಿಫಾಸ್ ಜಲಪಾತದ ನೆತ್ತಿಯ ಮೇಲೆ ಬಿಳಿಚಿದ ಮೈಯ ದೈತ್ಯನೊಬ್ಬ ಒಂಟಿಯಾಗಿ ನಿಂತಿದ್ದಾನೆ. ಮೇಲೆ ಹಡಗೊಂದು ಅವನನ್ನು ಬಿಟ್ಟು ಹೊರಡುತ್ತಿದೆ. ಅವನು ಸಣ್ಣ ಬಟ್ಟಲಿನ ಕಪ್ಪು ದ್ರವವನ್ನು ಕುಡಿಯುತ್ತಾನೆ, ದೇಹ ಒಳಗಿನಿಂದಲೇ ಛಿದ್ರವಾಗುತ್ತದೆ, ನೀರಿಗೆ ಬೀಳುತ್ತಾನೆ. ಅವನ ಜೀವತಂತುಗಳು ನೀರಿನಲ್ಲಿ ಕರಗಿ ಮತ್ತೆ ಹೊಸದಾಗಿ ಹೆಣೆದುಕೊಳ್ಳುತ್ತವೆ. ಒಂದು ಮಾತೂ ಇಲ್ಲ. ಆದರೂ ಬಲಿ, ಸೃಷ್ಟಿ, ಬಲಿಕೊಟ್ಟವನ ನೋವು, ಅವನನ್ನು ಬಿಟ್ಟುಹೋದವರ ನಿರ್ಲಿಪ್ತತೆ ಎಲ್ಲವೂ ನಮಗೆ ತಲುಪುತ್ತದೆ. ದೃಶ್ಯ ಬೇರೆ, ಕಥನ ಬೇರೆ ಎಂದು ವಾದಿಸುವವರಿಗೆ ಈ ಕೆಲವು ನಿಮಿಷಗಳೇ ಉತ್ತರ. ಇಲ್ಲಿ ದೃಶ್ಯವೇ ಕಥನ. ಸ್ಕಾಟ್ ಅವರಿಗೆ ಕಥೆ ಹೇಳಲು ಬರುವುದಿಲ್ಲ ಎಂಬ ಸುಲಭದ ತೀರ್ಪನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಒಂದೇ ಪಾತ್ರಕ್ಕೆ ಸಿಕ್ಕ ನ್ಯಾಯ

ಫಾಸ್‌ಬೆಂಡರ್ ವಹಿಸಿದ ಡೇವಿಡ್ ಮನುಷ್ಯರೂಪದ ಯಂತ್ರ. ಉಳಿದವರು ನಿದ್ರಿಸುತ್ತಿರುವಾಗ ಎರಡು ವರ್ಷಕ್ಕೂ ಹೆಚ್ಚು ಕಾಲ ಹಡಗಿನಲ್ಲಿ ಅವನೊಬ್ಬನೇ ಎಚ್ಚರ. ಸೈಕಲ್ ತುಳಿಯುತ್ತಾ ಬ್ಯಾಸ್ಕೆಟ್‌ಬಾಲ್ ಆಡುತ್ತಾನೆ, ಪ್ರಾಚೀನ ಭಾಷೆಗಳನ್ನು ಕಲಿಯುತ್ತಾನೆ, ಶಾಳ ಕನಸುಗಳನ್ನು ಕದ್ದು ನೋಡುತ್ತಾನೆ, ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರ ನೋಡಿ ಪೀಟರ್ ಓ’ಟೂಲ್ ಅವರಂತೆ ಕೂದಲಿಗೆ ಬಣ್ಣ ಹಚ್ಚಿಕೊಳ್ಳುತ್ತಾನೆ, ಅವರ ಮಾತಿನ ಧಾಟಿಯನ್ನು ಅಭ್ಯಾಸ ಮಾಡುತ್ತಾನೆ. ಡೇವಿಡ್‌ನ ನಡಿಗೆಗೆ ಒಲಿಂಪಿಕ್ ಡೈವಿಂಗ್ ಪಟು ಗ್ರೆಗ್ ಲೂಗಾನಿಸ್ ಅವರ ಚಲನೆಯಿಂದ ಪ್ರೇರಣೆ ಪಡೆದುದಾಗಿ ಫಾಸ್‌ಬೆಂಡರ್ ಹೇಳಿದ್ದಾರೆ. ಒಂದು ಹೆಜ್ಜೆಯೂ ಹೆಚ್ಚಾಗದ, ಒಂದು ಕೈಚಲನೆಯೂ ವ್ಯರ್ಥವಾಗದ ಆ ನಡಿಗೆ ನಿಜಕ್ಕೂ ಅಪರೂಪದ್ದು.

ಈ ಅಭಿನಯ ಇಷ್ಟು ಎತ್ತರಕ್ಕೆ ಏರಿದ್ದು ನಟನ ಪ್ರತಿಭೆಯೊಂದರಿಂದಲೇ ಎಂದು ನಾನು ನಂಬುವುದಿಲ್ಲ. ಡೇವಿಡ್‌ನ ಎಳೆಯನ್ನು ಮಾತ್ರ ಬೇರ್ಪಡಿಸಿ ನೋಡಿದರೆ ಅಲ್ಲಿ ಕೊಂಡಿಗಳು ಒಂದಕ್ಕೊಂದು ಬಿಗಿಯಾಗಿವೆ. ಗುಟ್ಟಾಗಿ ಹಡಗಿನಲ್ಲೇ ಮಲಗಿರುವ ವೇಲ್ಯಾಂಡ್ ಅವನಿಗೆ ಇನ್ನಷ್ಟು ಪ್ರಯತ್ನಿಸು ಎಂದು ಆಜ್ಞೆ ಕೊಡುತ್ತಾನೆ. ಹಾಗಾಗಿ ಡೇವಿಡ್ ಕಪ್ಪು ದ್ರವವನ್ನು ಯಾರ ಮೇಲಾದರೂ ಪ್ರಯೋಗಿಸಿ ನೋಡಬೇಕು. ಬಿಲಿಯರ್ಡ್ಸ್ ಮೇಜಿನ ಬಳಿ ಕುಡಿದು ನಿಂತ ಹಾಲೊವೇ ಬಳಿಗೆ ಹೋಗುತ್ತಾನೆ. ನೀವು ನನ್ನನ್ನು ಯಾಕೆ ಮಾಡಿದಿರಿ ಎಂದು ಕೇಳುತ್ತಾನೆ. ಮಾಡಲು ಸಾಧ್ಯವಿತ್ತು, ಮಾಡಿದೆವು ಎಂದು ಹಾಲೊವೇ ತಾತ್ಸಾರದಿಂದ ಉತ್ತರಿಸುತ್ತಾನೆ. ನಿಮ್ಮನ್ನು ಸೃಷ್ಟಿಸಿದವರಿಂದ ನೀವೂ ಇದೇ ಉತ್ತರ ಕೇಳಬೇಕಾಗಿ ಬಂದರೆ ಎಷ್ಟು ನಿರಾಸೆಯಾದೀತು ಎಂದು ಡೇವಿಡ್ ಮೆಲ್ಲಗೆ ಹೇಳುತ್ತಾನೆ. ಆಮೇಲೆ, ಉತ್ತರಕ್ಕಾಗಿ ಎಷ್ಟು ದೂರ ಹೋಗಲು ಸಿದ್ಧ ಎಂದು ಕೇಳುತ್ತಾನೆ. ಯಾವುದಕ್ಕೂ ಸಿದ್ಧ ಎಂಬ ಉತ್ತರ ಸಿಕ್ಕ ಮೇಲಷ್ಟೇ ಬೆರಳ ತುದಿಯ ಹನಿ ಲೋಟಕ್ಕೆ ಬೀಳುತ್ತದೆ.

ಈ ಒಂದು ದೃಶ್ಯದಲ್ಲಿ ಆಜ್ಞೆ ಇದೆ, ಅವಮಾನ ಇದೆ, ಅನುಮತಿಯಂತೆ ತೋರುವ ಒಂದು ಮಾತು ಇದೆ, ಕೊನೆಗೆ ಕೃತ್ಯ ಇದೆ. ಅವನು ಆಜ್ಞೆಗಾಗಿ ಮಾಡಿದನೋ ಅವಮಾನಕ್ಕಾಗಿ ಮಾಡಿದನೋ ಎಂಬುದನ್ನು ಚಿತ್ರ ಹೇಳುವುದಿಲ್ಲ. ಹೇಳದೇ ಇದ್ದದ್ದರಿಂದಲೇ ಫಾಸ್‌ಬೆಂಡರ್ ಅವರ ಕಣ್ಣಿಗೆ ಅಷ್ಟು ಕೆಲಸ ಸಿಕ್ಕಿತು. ನಟನ ಮೌನ ಮಾತಾಡಬೇಕಾದರೆ ಆ ಮೌನದ ಎರಡೂ ಬದಿಗೆ ಗಟ್ಟಿಯಾದ ಬರವಣಿಗೆ ಇರಬೇಕು.

ಕೊಂಡಿ ಕಳಚಿದ ಜಾಗಗಳು

ಈಗ ಉಳಿದವರ ಕಡೆ ತಿರುಗೋಣ. ಭೂವಿಜ್ಞಾನಿ ಫೈಫೀಲ್ಡ್ ಹಾರುವ ಯಂತ್ರಗಳನ್ನು ಬಿಟ್ಟು ಇಡೀ ಸುರಂಗಜಾಲದ ನಕ್ಷೆ ತೆಗೆಯುತ್ತಾನೆ. ದೈತ್ಯನ ಶವ ಕಂಡೊಡನೆ ಹೆದರಿ, ಜೀವವಿಜ್ಞಾನಿ ಮಿಲ್ಬರ್ನ್ ಜೊತೆ ಹಡಗಿಗೆ ಮರಳಲು ಹೊರಡುತ್ತಾನೆ. ಆಮೇಲೆ ಇಬ್ಬರೂ ದಾರಿ ತಪ್ಪುತ್ತಾರೆ. ನಕ್ಷೆ ತೆಗೆದವನೇ ದಾರಿ ತಪ್ಪಿದ್ದು ಯಾಕೆ ಎಂಬುದಕ್ಕೆ ಚಿತ್ರದಲ್ಲಿ ಒಂದು ಶಾಟ್ ಕೂಡ ಇಲ್ಲ. ನಕ್ಷೆ ಹಡಗಿನ ಮೇಜಿನ ಮೇಲೆ ಬೆಳಗುತ್ತಿದೆ, ಕ್ಯಾಪ್ಟನ್‌ಗೆ ಅವರು ಎಲ್ಲಿದ್ದಾರೆಂದು ಕಾಣುತ್ತಲೂ ಇದೆ. ಬಿರುಗಾಳಿಯಲ್ಲಿ ಸಂಪರ್ಕ ಕಡಿದು ಅವರ ಕೈಯಲ್ಲಿದ್ದ ನಕ್ಷೆ ಆರಿಹೋಯಿತು ಎಂದು ಕೆಲವೇ ಕ್ಷಣಗಳಲ್ಲಿ ತೋರಿಸಿದ್ದರೆ ಸಾಕಿತ್ತು.

ಇದಕ್ಕಿಂತ ಕೆಟ್ಟದ್ದು ಮುಂದಿದೆ. ಸಾವಿರಾರು ವರ್ಷ ಹಿಂದೆ ಸತ್ತ ದೇಹಕ್ಕೆ ಬೆದರಿ ಓಡಿದ ಅದೇ ಮಿಲ್ಬರ್ನ್, ಅದೇ ರಾತ್ರಿ, ಕಪ್ಪು ದ್ರವದಿಂದ ಹೆಡೆ ಎತ್ತಿ ನಿಂತ ಹಾವಿನಂಥ ಜೀವಿಯೊಂದನ್ನು ಮುದ್ದಿನಿಂದ ಮಾತಾಡಿಸುತ್ತಾ ಕೈ ಚಾಚುತ್ತಾನೆ. ಅದು ಅವನ ತೋಳು ಮುರಿದು ಗಂಟಲಿಗೆ ಇಳಿಯುತ್ತದೆ. ಗ್ರಾಫಿಕ್ಸ್ ಅಚ್ಚುಕಟ್ಟು, ರೇಫ್ ಸ್ಪಾಲ್ ಅವರ ಅಭಿನಯದಲ್ಲೂ ದೋಷವಿಲ್ಲ. ಆದರೆ ನೋಡುವವನಿಗೆ ಹುಟ್ಟುವುದು ಭಯವಲ್ಲ, ಕಿರಿಕಿರಿ. ಪಾತ್ರದ ಮೇಲಿನ ನಂಬಿಕೆ ಹೋದ ಮೇಲೆ ಅವನ ಸಾವಿಗೆ ಮಿಡಿಯುವುದು ಹೇಗೆ? ಇದೇ ಹೊತ್ತಿನಲ್ಲಿ ಕ್ಯಾಪ್ಟನ್ ಜಾನೆಕ್, ಇಬ್ಬರು ಒಳಗೆ ಸಿಕ್ಕಿಕೊಂಡಿರುವುದು ಗೊತ್ತಿದ್ದೂ, ನಿಯಂತ್ರಣ ಕೊಠಡಿ ಬಿಟ್ಟು ಅಧಿಕಾರಿ ವಿಕರ್ಸ್ ಕೋಣೆಗೆ ಹೋಗುತ್ತಾನೆ. ಇದ್ರಿಸ್ ಎಲ್ಬಾ ಮತ್ತು ಚಾರ್ಲೀಜ್ ಥೆರಾನ್ ನಡುವಿನ ಆ ಮಾತುಕತೆ ಬಿಡಿಯಾಗಿ ನೋಡಿದರೆ ಸೊಗಸಾಗಿದೆ. ಆದರೆ ಅದರ ಬೆಲೆಯಾಗಿ ಎರಡು ಜೀವ ಹೋದವು ಎಂಬುದನ್ನು ಚಿತ್ರ ಗಮನಿಸಿಯೇ ಇಲ್ಲ. ಜಾನೆಕ್ ಮುಂದೆ ಒಮ್ಮೆಯೂ ಆ ಭಾರ ಹೊತ್ತವನಂತೆ ಕಾಣುವುದಿಲ್ಲ.

ಹಾಲೊವೇ ವಿಷಯ ನನಗೆ ಇನ್ನೂ ನೋವಿನದು. ಜೀವಮಾನವೆಲ್ಲ ಹುಡುಕಿದ್ದು ಸಿಕ್ಕಿದೆ: ಬೇರೆ ಲೋಕದಲ್ಲಿ ಬುದ್ಧಿವಂತ ಜೀವಿಗಳಿದ್ದವು, ಅವುಗಳ ಜೀವತಂತು ನಮ್ಮದಕ್ಕೆ ಸರಿಹೊಂದುತ್ತದೆ. ಒಂದೇ ಒಂದು ಕಟ್ಟಡಕ್ಕೆ ಒಮ್ಮೆ ಹೊಕ್ಕುಬಂದ ಅವನು, ಅಲ್ಲಿದ್ದವರು ಸತ್ತಿದ್ದಾರೆಂದು ಎದೆಗುಂದಿ ಕುಡಿಯುತ್ತಾ ಕೂರುತ್ತಾನೆ. ಲೋಗನ್ ಮಾರ್ಷಲ್-ಗ್ರೀನ್ ಆ ನಿರಾಸೆಯನ್ನು ಪ್ರಾಮಾಣಿಕವಾಗಿಯೇ ಅಭಿನಯಿಸುತ್ತಾರೆ. ಆದರೆ ಅದಕ್ಕೆ ಬುಡವಿಲ್ಲ. ಡೇವಿಡ್ ವಿಷ ಹಾಕಲು ಕುಡುಕನೊಬ್ಬ ಬೇಕಿತ್ತು, ಅದಕ್ಕಾಗಿ ಇವನು ಕುಡಿದ. ಅಂದರೆ ಒಂದು ಪಾತ್ರದ ಗಟ್ಟಿ ಎಳೆಗೆ ಇನ್ನೊಂದು ಪಾತ್ರವನ್ನು ಬಲಿಕೊಡಲಾಯಿತು.

ಇನ್ನು ಶಸ್ತ್ರಚಿಕಿತ್ಸೆಯ ದೃಶ್ಯ. ಇಡೀ ಚಿತ್ರದಲ್ಲಿ ಇದಕ್ಕೆ ಸಾಟಿಯಾದ ದೃಶ್ಯ ಇನ್ನೊಂದಿಲ್ಲ. ಬಂಜೆಯೆಂದು ದುಃಖಿಸುತ್ತಿದ್ದ ಶಾ, ಸೋಂಕು ತಗುಲಿದ ಹಾಲೊವೇಯಿಂದ ಗರ್ಭ ಧರಿಸಿದ್ದಾಳೆ, ಒಳಗಿರುವುದು ಮಗುವಲ್ಲ. ಅವಳು ಓಡಿಹೋಗಿ ಸ್ವಯಂಚಾಲಿತ ಶಸ್ತ್ರಚಿಕಿತ್ಸಾ ಯಂತ್ರದೊಳಗೆ ಮಲಗುತ್ತಾಳೆ. ಯಂತ್ರವನ್ನು ಗಂಡಸಿನ ದೇಹಕ್ಕೆ ಮಾತ್ರ ಹೊಂದಿಸಲಾಗಿದೆ. (ಮುದುಕ ವೇಲ್ಯಾಂಡ್ ಹಡಗಿನಲ್ಲೇ ಇದ್ದಾನೆ ಎಂಬುದಕ್ಕೆ ಇದು ಮುಂಚಿತವಾಗಿ ಬಿಟ್ಟ ಸುಳಿವು. ಬರವಣಿಗೆ ಎಚ್ಚರವಾಗಿದ್ದಾಗ ಎಷ್ಟು ಚೆನ್ನಾಗಿರುತ್ತದೆ!) ನೂಮಿ ರಪಾಸ್ ಆ ಇಕ್ಕಟ್ಟಿನ ಗಾಜಿನ ಪೆಟ್ಟಿಗೆಯೊಳಗೆ, ಪ್ರಜ್ಞೆ ಇರುವಾಗಲೇ ಹೊಟ್ಟೆ ಸೀಳಿಸಿಕೊಳ್ಳುವ ಹೆಂಗಸಿನ ಭೀತಿ, ಹಠ, ಅಸಹ್ಯ ಮೂರನ್ನೂ ಉಸಿರಿನಲ್ಲೇ ತೋರಿಸುತ್ತಾರೆ.

ಹೊರಬಂದ ಶಾ ರಕ್ತಸಿಕ್ತಳಾಗಿ ತೂರಾಡುತ್ತಾ ಪಕ್ಕದ ಕೋಣೆಗೆ ಬರುತ್ತಾಳೆ. ಅಲ್ಲಿ ವೇಲ್ಯಾಂಡ್ ಎಚ್ಚರಗೊಂಡಿದ್ದಾನೆ, ಪರಿಚಾರಕರು ಅವನ ಕಾಲು ತೊಳೆಯುತ್ತಿದ್ದಾರೆ. ಯಾರೂ ಅವಳನ್ನು ಏನಾಯಿತೆಂದು ಕೇಳುವುದಿಲ್ಲ. ಅವಳ ಹೊಟ್ಟೆಯಿಂದ ತೆಗೆದ ಜೀವಿ ಹಡಗಿನಲ್ಲೇ ಬದುಕಿದೆ ಎಂದು ಅವಳೂ ಹೇಳುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವಳು ಉಡುಪು ಧರಿಸಿ ಅವರೊಂದಿಗೆ ಹೊರಡುತ್ತಾಳೆ. ಹಿಂದಿನ ದೃಶ್ಯ ನಮ್ಮೊಳಗೆ ಎಬ್ಬಿಸಿದ್ದನ್ನೆಲ್ಲ ಈ ಮೌನ ಅಳಿಸಿಬಿಡುತ್ತದೆ. ರಪಾಸ್ ಹೊಟ್ಟೆ ಹಿಡಿದುಕೊಂಡು ನೋವನ್ನು ನೆನಪಿಟ್ಟು ಅಭಿನಯಿಸುತ್ತಲೇ ಹೋಗುತ್ತಾರೆ. ನಟಿಗೆ ನೆನಪಿರುವುದು ಚಿತ್ರಕ್ಕೆ ನೆನಪಿಲ್ಲ.

ಕಪ್ಪು ದ್ರವಕ್ಕೂ ಒಂದು ನಿಯಮವಿಲ್ಲ. ದೈತ್ಯ ಕುಡಿದರೆ ಕರಗುತ್ತಾನೆ, ಹಾಲೊವೇ ಕುಡಿದರೆ ಕಾಯಿಲೆ ಬೀಳುತ್ತಾನೆ, ಹುಳುಗಳಿಗೆ ತಾಗಿದರೆ ಹಾವಾಗುತ್ತವೆ, ಫೈಫೀಲ್ಡ್‌ಗೆ ತಾಗಿದರೆ ಸತ್ತವನು ಎದ್ದುಬಂದು ಹೊಡೆದಾಡುತ್ತಾನೆ. ಸ್ಕಾಟ್ ಅವರೇ 1979ರಲ್ಲಿ ನಿರ್ದೇಶಿಸಿದ, ಇದೇ ಕಥಾಲೋಕದ ‘ಏಲಿಯನ್’ನಲ್ಲಿ ಮೊಟ್ಟೆ, ಮುಖಕ್ಕೆ ಅಂಟುವ ಜೀವಿ, ಎದೆ ಸೀಳಿ ಬರುವ ಮರಿ, ಬೆಳೆದ ಮೃಗ ಎಂಬ ಕ್ರಮವಿತ್ತು. ಒಂದು ಹಂತ ನೋಡಿದ ಪ್ರೇಕ್ಷಕ ಮುಂದಿನದಕ್ಕೆ ನಡುಗುತ್ತಾ ಕಾಯುತ್ತಿದ್ದ. ಏನು ಬೇಕಾದರೂ ಆಗಬಹುದು ಎಂದಾದಾಗ ಕಾಯಲು ಏನೂ ಉಳಿಯುವುದಿಲ್ಲ. ಆ ಹಳೆಯ ಚಿತ್ರದಲ್ಲಿ ಸೋಂಕಿತನನ್ನು ಒಳಗೆ ಬಿಡಬಾರದೆಂದು ಹಡಗಿನ ಅಧಿಕಾರಿ ರಿಪ್ಲಿ ನಿಯಮ ಹಿಡಿದು ನಿಲ್ಲುತ್ತಾಳೆ, ವಿಜ್ಞಾನ ಅಧಿಕಾರಿ ಆಶ್ ಬಾಗಿಲು ತೆರೆಯುತ್ತಾನೆ. ಅವನು ಯಾಕೆ ತೆರೆದನೆಂದು ಬಹಳ ಹೊತ್ತಿನ ಮೇಲೆ ಗೊತ್ತಾದಾಗ ಹಿಂದಿನ ದೃಶ್ಯ ಇನ್ನಷ್ಟು ಆಳವಾಗುತ್ತದೆ. ಕಾರಣವನ್ನು ತಡವಾಗಿ ಕೊಡಬಹುದು. ಕೊಡಲೇಬೇಕೆಂಬುದು ಆ ಚಿತ್ರಕ್ಕೆ ಗೊತ್ತಿತ್ತು.

ಕಾರಣಗಳು ಎಲ್ಲಿ ಹೋದವು

ಚಿತ್ರಕಥೆಯ ಮೊದಲ ಕರಡುಗಳನ್ನು ಬರೆದವರು ಜಾನ್ ಸ್ಪೈಟ್ಸ್. ಅದರ ಹೆಸರು ‘ಏಲಿಯನ್: ಎಂಜಿನಿಯರ್ಸ್’ ಎಂದಿತ್ತು. ಅನಂತರ ಬಂದ ಡೇಮನ್ ಲಿಂಡೆಲಾಫ್, ಹಳೆಯ ಚಿತ್ರದ ಪರಿಚಿತ ಮೃಗವನ್ನು ಹಿಂದಕ್ಕೆ ಸರಿಸಿ, ಸೃಷ್ಟಿಕರ್ತರ ಪ್ರಶ್ನೆಯನ್ನು ಮುಂದಕ್ಕೆ ತಂದರು. ಇದರಲ್ಲಿ ತಪ್ಪೇನೂ ಇಲ್ಲ, ಆ ಮಹತ್ವಾಕಾಂಕ್ಷೆಯೇ ನನಗೆ ಈ ಚಿತ್ರವನ್ನು ಪ್ರಿಯವಾಗಿಸಿದ್ದು. ಆದರೆ ಒಂದು ಕಥೆಯ ಘಟನೆಗಳನ್ನು ಇಟ್ಟುಕೊಂಡು ಇನ್ನೊಂದು ಕಥೆಯ ಆಶಯವನ್ನು ಅದರ ಮೇಲೆ ಹೊದಿಸಿದಾಗ ಹೊಲಿಗೆ ಕಾಣುತ್ತದೆ. ಎದೆ ನಡುಗಿಸುವ ಸಾವುಗಳು ಮೊದಲ ಚಿತ್ರಕ್ಕೆ ಸೇರಿದವು, ತತ್ತ್ವದ ಮಾತುಗಳು ಎರಡನೆಯದಕ್ಕೆ.

ನನ್ನ ಮಟ್ಟಿಗೆ ಹೆಚ್ಚಿನ ಪಾಠವಿರುವುದು ಸಂಕಲನದ ಮೇಜಿನಲ್ಲಿ. ಕತ್ತರಿಸಿದ ದೃಶ್ಯಗಳನ್ನು ಮುಂದೆ ಬ್ಲೂ-ರೇ ತಟ್ಟೆಯಲ್ಲಿ ಸೇರಿಸಲಾಯಿತು. ಅವುಗಳಲ್ಲೊಂದರಲ್ಲಿ ಮಿಲ್ಬರ್ನ್ ಮೊದಲೇ ಒಂದು ಪುಟ್ಟ ಹುಳುವಿನಂಥ ಜೀವಿಯನ್ನು ಹಿಡಿದು, ಪರಲೋಕದ ಮೊದಲ ಜೀವಿ ಸಿಕ್ಕಿತೆಂದು ಸಂಭ್ರಮಿಸುತ್ತಾನೆ. ಅದನ್ನು ನೋಡಿದ ಮೇಲೆ ಹಾವಿನತ್ತ ಅವನು ಚಾಚುವ ಕೈಗೆ ಅರ್ಥ ಬರುತ್ತದೆ. ಹುಳು ಅಪಾಯ ಮಾಡಲಿಲ್ಲ, ಇದೂ ಮಾಡಲಾರದು ಎಂಬ ವಿಜ್ಞಾನಿಯ ಉತ್ಸಾಹ ಅದು. ಇನ್ನೊಂದು ದೃಶ್ಯದಲ್ಲಿ, ಎಚ್ಚರಗೊಂಡ ಎಂಜಿನಿಯರ್ ತಾನೇ ಮಾತಾಡುತ್ತಾನೆ, ವೇಲ್ಯಾಂಡ್ ಡೇವಿಡ್ ಮೂಲಕ ಉತ್ತರ ಕೊಡುತ್ತಾನೆ, ಸಂಭಾಷಣೆ ನಡೆಯುತ್ತದೆ. ಚಿತ್ರಮಂದಿರಕ್ಕೆ ಬಂದ ರೂಪದಲ್ಲಿ ಡೇವಿಡ್ ಒಂದು ವಾಕ್ಯ ಹೇಳುತ್ತಾನೆ, ಅದರ ಅರ್ಥ ಪ್ರೇಕ್ಷಕರಿಗೆ ತಿಳಿಸಿಲ್ಲ, ಎಂಜಿನಿಯರ್ ಅವನ ತಲೆ ಕಿತ್ತು ಅದರಿಂದಲೇ ವೇಲ್ಯಾಂಡ್‌ನನ್ನು ಹೊಡೆದು ಕೊಲ್ಲುತ್ತಾನೆ. ಆ ವಾಕ್ಯಕ್ಕಾಗಿ ಚಿತ್ರತಂಡ ಅನಿಲ್ ಬಿಲ್ಟೂ ಎಂಬ ಭಾಷಾತಜ್ಞರ ನೆರವು ಪಡೆದಿತ್ತು. ಡೇವಿಡ್ ಕಲಿಯುವ ಭಾಷೆ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಮೂಲವೆಂದು ವಿದ್ವಾಂಸರು ಪುನಾರಚಿಸಿರುವ ಆದಿ ಇಂಡೋ-ಯುರೋಪಿಯನ್. ಬಿಲ್ಟೂ ಸ್ವತಃ ತೆರೆಯ ಮೇಲೆ ಅವನ ಗುರುವಾಗಿ ಕಾಣಿಸಿಕೊಳ್ಳುತ್ತಾರೆ. ಇಷ್ಟು ಶ್ರದ್ಧೆಯಿಂದ ಕಟ್ಟಿದ ಮಾತು, ಇಡೀ ಚಿತ್ರ ಯಾವ ಕ್ಷಣಕ್ಕಾಗಿ ಕಾದಿತ್ತೋ ಆ ಕ್ಷಣದಲ್ಲೇ ಅರ್ಥವಿಲ್ಲದ ಶಬ್ದವಾಗಿ ಕಳೆದುಹೋಯಿತು.

ವೇಲ್ಯಾಂಡ್ ಪಾತ್ರದ್ದೂ ಇದೇ ಗತಿ. ಬಿಡುಗಡೆಗೆ ಮುಂಚೆ ಅಂತರ್ಜಾಲದಲ್ಲಿ ಬಂದ ಪ್ರಚಾರ ಚಿತ್ರವೊಂದರಲ್ಲಿ ಯುವಕ ವೇಲ್ಯಾಂಡ್ 2023ರ ಟೆಡ್ ಭಾಷಣ ವೇದಿಕೆಯಲ್ಲಿ, ದೇವರಿಂದ ಬೆಂಕಿ ಕದ್ದು ಮನುಷ್ಯರಿಗೆ ಕೊಟ್ಟ ಪ್ರೊಮಿಥಿಯಸ್‌ನ ಗ್ರೀಕ್ ಪುರಾಣ ಹೇಳುತ್ತಾ, ಇನ್ನು ನಾವೇ ದೇವರು ಎಂದು ಘೋಷಿಸುತ್ತಾನೆ. ಗೈ ಪಿಯರ್ಸ್ ಅಲ್ಲಿ ಮಿಂಚುತ್ತಾರೆ. ಸಾವಿಗೆ ಹೆದರುವ ಅಹಂಕಾರಿ ಯಾರೆಂದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಚಿತ್ರದೊಳಗೆ ಮಾತ್ರ ಅದೇ ನಟ ದಪ್ಪ ಮೇಕಪ್ಪಿನಡಿ ಮುದುಕನಾಗಿ ಕೆಲವು ಮಾತಾಡಿ ಸಾಯುತ್ತಾರೆ. ವಿಕರ್ಸ್ ಅವನ ಮಗಳು ಎಂಬ ರಹಸ್ಯ ಒಂದು ಪದದಲ್ಲಿ ಬಯಲಾಗುತ್ತದೆ, ಅದರಿಂದ ಏನೂ ಹುಟ್ಟುವುದಿಲ್ಲ. ಪ್ರಚಾರ ಚಿತ್ರ ನೋಡದವನಿಗೆ ಈ ಮನುಷ್ಯನ ಆಸೆ ಕೇವಲ ಮಾಹಿತಿ.

ಒಂದು ಪ್ರಬಲ ಪ್ರತಿವಾದ

ಈ ಚಿತ್ರಕ್ಕೆ ಅಮೆರಿಕದ ಚಿತ್ರವಿಮರ್ಶಕ ರೋಜರ್ ಎಬರ್ಟ್ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟಿದ್ದರು. ಉತ್ತರ ಹೇಳದೆ ಪ್ರಶ್ನೆ ಎತ್ತುವುದೇ ಇದರ ಹೆಚ್ಚುಗಾರಿಕೆ ಎಂಬ ಅವರ ನಿಲುವನ್ನು ಗೌರವದಿಂದಲೇ ಎದುರುಗೊಳ್ಳಬೇಕು. ನಮ್ಮನ್ನು ಸೃಷ್ಟಿಸಿದವರು ನಮ್ಮನ್ನು ಕೊಲ್ಲಲು ಬಯಸಿದ್ದು ಯಾಕೆ ಎಂಬುದಕ್ಕೆ ಉತ್ತರ ಬೇಡ ಎಂದು ನಾನೂ ಹೇಳುತ್ತೇನೆ. ಉತ್ತರ ಸಿಕ್ಕಿದ್ದರೆ ಅದು ಯಾವುದೇ ಆಗಿದ್ದರೂ ಚಿಕ್ಕದಾಗಿಬಿಡುತ್ತಿತ್ತು. ಆದರೆ ಲೋಕದ ಬಗೆಗಿನ ಪ್ರಶ್ನೆ ಒಂದು ಬಗೆಯದು, ಎದುರಿಗಿರುವ ಮನುಷ್ಯನ ನಡತೆಯ ಬಗೆಗಿನ ಪ್ರಶ್ನೆ ಇನ್ನೊಂದು ಬಗೆಯದು. ಎಂಜಿನಿಯರ್ ಯಾಕೆ ಕೋಪಗೊಂಡ ಎಂದು ಯೋಚಿಸುತ್ತಾ ಚಿತ್ರಮಂದಿರದಿಂದ ಹೊರಬರುವುದು ಸುಖ. ನಕ್ಷೆಗಾರ ಯಾಕೆ ದಾರಿ ತಪ್ಪಿದ, ಉರುಳುವ ಹಡಗಿನ ಎದುರು ವಿಕರ್ಸ್ ಪಕ್ಕಕ್ಕೆ ಸರಿಯದೆ ನೇರ ಯಾಕೆ ಓಡಿದಳು ಎಂದು ಯೋಚಿಸುತ್ತಾ ಬರುವುದರಲ್ಲಿ ಯಾವ ಸುಖವೂ ಇಲ್ಲ. ಎರಡನೆಯ ಬಗೆಯ ಪ್ರಶ್ನೆಗಳ ಗದ್ದಲದಲ್ಲಿ ಮೊದಲನೆಯದು ಕೇಳಿಸದೇ ಹೋಯಿತು. ನನಗೆ ಬೇಸರವಿರುವುದು ಅದಕ್ಕೆ.

ಇಂಥ ಚಿತ್ರಗಳಲ್ಲಿ ತರ್ಕ ಹುಡುಕಬಾರದು, ಅನುಭವಿಸಬೇಕು ಎಂಬ ಇನ್ನೊಂದು ವಾದವೂ ಇದೆ. ಅನುಭವಕ್ಕೆ ತೊಡಕಾಗುವುದು ನೋಡುಗನ ತರ್ಕವಲ್ಲ. ಶಾಳ ನೋವನ್ನು ಯಾರೂ ಗಮನಿಸದಿದ್ದಾಗ ನಮಗೆ ಆಗುವ ಇರುಸುಮುರುಸು ಲೆಕ್ಕಾಚಾರದಿಂದ ಬಂದದ್ದಲ್ಲ, ಭಾವನೆಗೆ ಬಿದ್ದ ಪೆಟ್ಟು. ಜಾನೆಕ್ ಮತ್ತು ಇಬ್ಬರು ಚಾಲಕರು ಭೂಮಿಯನ್ನು ಉಳಿಸಲು ತಮ್ಮ ಹಡಗನ್ನೇ ಡಿಕ್ಕಿ ಹೊಡೆಸಿ ಸಾಯುವ ದೃಶ್ಯದ ಗತಿಯೂ ಹಾಗೆಯೇ. ಆ ಜಾಗ ಆಯುಧಗಳ ಕೋಠಿ ಎಂದು ಜಾನೆಕ್ ಹೇಗೆ ಕಂಡುಕೊಂಡ ಎಂಬುದು ಅಸ್ಪಷ್ಟ, ಆ ಚಾಲಕರು ಯಾರೆಂದೇ ನಮಗೆ ಸರಿಯಾಗಿ ಗೊತ್ತಿಲ್ಲ. ಹಡಗಿನಲ್ಲಿ ಕ್ರಿಸ್‌ಮಸ್ ಮರ ನಿಲ್ಲಿಸಿದ, ಹಳೆಯ ಅಕಾರ್ಡಿಯನ್ ನುಡಿಸುವ ಒಬ್ಬ ಸರಳ ಮನುಷ್ಯನನ್ನು ಎಲ್ಬಾ ತಮ್ಮ ಮುಖದ ಬಲದಿಂದಲೇ ಕಟ್ಟಿಕೊಟ್ಟಿದ್ದರಿಂದ ಆ ಸಾವು ಅಷ್ಟಾದರೂ ತಟ್ಟುತ್ತದೆ.

ಮುಂದೇನಾಯಿತು

ಚಿತ್ರ ಜಗತ್ತಿನಾದ್ಯಂತ ಸುಮಾರು 40 ಕೋಟಿ ಡಾಲರ್ ಗಳಿಸಿತು, ಆದ್ದರಿಂದ ಮುಂದುವರಿದ ಭಾಗ ಬಂತು. 2017ರ ‘ಏಲಿಯನ್: ಕವನೆಂಟ್’ ಹಿಂದಿನ ಚಿತ್ರದಿಂದ ಏನನ್ನು ಉಳಿಸಿಕೊಂಡಿತು, ಏನನ್ನು ಬಿಟ್ಟಿತು ಎಂಬುದನ್ನು ನೋಡಿದರೆ ಮೇಲಿನ ಮಾತಿಗೆ ಸ್ವತಃ ನಿರ್ದೇಶಕರದೇ ಸಾಕ್ಷಿ ಸಿಗುತ್ತದೆ. ಉತ್ತರ ಹುಡುಕಿಕೊಂಡು ಎಂಜಿನಿಯರ್‌ಗಳ ಲೋಕಕ್ಕೆ ಹೊರಟಿದ್ದ ಶಾ, ಆ ಚಿತ್ರ ಆರಂಭವಾಗುವ ಹೊತ್ತಿಗೆ ಸತ್ತಿದ್ದಾಳೆ. ಅವಳೂ ಡೇವಿಡ್ಡೂ ಜೊತೆಯಾಗಿ ಕಳೆದ ದಿನಗಳು ಮತ್ತೆ ಅಂತರ್ಜಾಲದ ಪ್ರಚಾರ ಚಿತ್ರದ ಪಾಲಾದವು. ಒಂದು ಇಡೀ ಜನಾಂಗ ನಮ್ಮನ್ನು ದ್ವೇಷಿಸಿದ್ದು ಯಾಕೆಂದು ಕೇಳಲು ಅವಕಾಶವೇ ಇಲ್ಲದಂತೆ, ಒಂದು ಹಿನ್ನೋಟದಲ್ಲಿ ಅದೂ ನಾಶವಾಗುತ್ತದೆ. ಡೇವಿಡ್ ಮಾತ್ರ ಉಳಿದ. ಫಾಸ್‌ಬೆಂಡರ್ ಆ ಚಿತ್ರದಲ್ಲಿ ಅವನನ್ನೂ ಅದೇ ಮುಖದ ವಾಲ್ಟರ್ ಎಂಬ ಇನ್ನೊಂದು ಯಂತ್ರವನ್ನೂ ಒಟ್ಟಿಗೆ ಅಭಿನಯಿಸಿದರು, ಕಥೆ ಪೂರ್ತಿ ಅವನ ಸುತ್ತಲೇ ತಿರುಗಿತು. ಅವನ ಎಳೆ ಮೊದಲ ಚಿತ್ರದಲ್ಲೇ ಬಿಗಿಯಾಗಿತ್ತು, ಹಾಗಾಗಿ ಅದು ಎಳೆದಷ್ಟೂ ಬಂತು. ಶಾಳಿಗೆ ಮಾತ್ರ ಅನ್ಯಾಯವಾಯಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಟ್ಟೆ ಸೀಳಿಸಿಕೊಂಡೂ ನಂಬಿಕೆ ಬಿಡದೆ ಪ್ರಶ್ನೆ ಕೇಳಲು ಹೊರಟ ಆ ಹೆಂಗಸಿಗೆ ರಪಾಸ್ ಕೊಟ್ಟ ಜೀವಕ್ಕೆ ತಕ್ಕ ಎರಡನೆಯ ಚಿತ್ರಕಥೆಯನ್ನು ಯಾರೂ ಬರೆಯಲಿಲ್ಲ.